ಕೋವಿಗೂ ಲೆಕ್ಕ ಇದೆಯಲ್ವಾ?

ತೀರ್ಥಹಳ್ಳಿಯ ಓದುಗರೊಬ್ಬರು ಬರೆದಿದ್ದಾರೆ: 'ಬೇರೆ ದೇಶದ ಸೇನೆಗೆ ನೆರವು ಕೊಡುವಾಗ ಮಾನವ ಹಕ್ಕುಗಳ ಷರತ್ತು ಇರಲೇಬೇಕು ಅಂತ ಕಳೆದ ಸಂಚಿಕೆಯಲ್ಲಿ ಬರೆದಿರಿ. ಅದು ದೊಡ್ಡಣ್ಣನ ದಬ್ಬಾಳಿಕೆ ಅಲ್ವಾ? ಅದೂ ಬೇಕಾದವರಿಗೆ ಒಂದು ನ್ಯಾಯ, ಬೇಡದವರಿಗೆ ಇನ್ನೊಂದು. ಕೊಟ್ಟ ಮೇಲೆ ಲೆಕ್ಕ ಕೇಳುವುದೇಕೆ?'

ಸರ್, ಬೆಳೆ ರಕ್ಷಣೆಗೆ ಅಂತ ನಮ್ಮ ಮನೆಯಲ್ಲೂ ಒಂದು ಕೋವಿ ಇತ್ತು. ಚುನಾವಣೆ ಬಂತು ಅಂದ್ರೆ ಅಪ್ಪ ಅದನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಯ್ಯುತ್ತಿದ್ದರು. ಅಲ್ಲಿ ಕೊಟ್ಟ ಚೀಟಿಯನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಡುತ್ತಿದ್ದರು. ಹಂದಿ ಗದ್ದೆಗೆ ಇಳಿದ ವರ್ಷ ಗೊಣಗಿದರು, ಆದರೂ ಒಯ್ದರು. ಹಂದಿ ಓಡಿಸುವ ಕೋವಿಗೇ ಇಷ್ಟು ಲೆಕ್ಕ. ಇಡೀ ಸೇನೆಗೆ ಕೊಡುವ ಬಂದೂಕಿಗೆ ಬೇಡವಾ?

ಮಧ್ಯ ಅಮೆರಿಕದ ಪುಟ್ಟ ದೇಶ ಎಲ್ ಸಾಲ್ವಡಾರ್ ಕಥೆ ನೋಡಿ. ಅಲ್ಲಿ ಸೇನೆಗೂ ಬಂಡುಕೋರರಿಗೂ ಅಂತರ್ಯುದ್ಧ ನಡೆದಿತ್ತು, ಸೇನೆಗೆ ಅಮೆರಿಕ ನೆರವು ಕೊಡುತ್ತಿತ್ತು. 1981ರ ಡಿಸೆಂಬರ್‌ನಲ್ಲಿ ಎಲ್ ಮೊಸೊಟೆ ಎಂಬ ಹಳ್ಳಿ ಮತ್ತು ಅದರ ಸುತ್ತಮುತ್ತ, ಅಮೆರಿಕದಿಂದ ತರಬೇತಿ ಪಡೆದ ಆ ಸೇನೆಯ ಪಡೆಯೊಂದು 800ಕ್ಕೂ ಜಾಸ್ತಿ ಜನರನ್ನು ಕೊಂದಿತು. ಅವರಲ್ಲಿ ಅರ್ಧದಷ್ಟು ಮಕ್ಕಳು. ಆಗಲೂ ಅಮೆರಿಕದಲ್ಲಿ ಷರತ್ತಿನ ಕಾನೂನು ಇತ್ತು. ಮರುತಿಂಗಳೇ ಅಲ್ಲಿನ ಅಧ್ಯಕ್ಷ ರೇಗನ್ ಅವರ ಸರ್ಕಾರ 'ಪರಿಸ್ಥಿತಿ ಸುಧಾರಿಸುತ್ತಿದೆ' ಎಂದು ತನ್ನ ಸಂಸತ್ತಿಗೆ ಬರೆದುಕೊಟ್ಟಿತು. ದುಡ್ಡು ಹೋಗುತ್ತಲೇ ಇತ್ತು.

1989ರ ನವೆಂಬರ್‌ನಲ್ಲಿ ಅದೇ ಪಡೆಯ ಸೈನಿಕರು ವಿಶ್ವವಿದ್ಯಾಲಯದ ಆರು ಪಾದ್ರಿಗಳನ್ನು ಕೊಂದರು. ಊರಲ್ಲಿ ಕಾಳಗ ನಡೆದಿತ್ತು ಅಂತ ಅಡುಗೆಯಾಕೆ ತನ್ನ ಹದಿಹರೆಯದ ಮಗಳ ಜೊತೆ ಆ ರಾತ್ರಿ ಅಲ್ಲೇ ಮಲಗಿದ್ದರು. ಅವರನ್ನೂ ಬಿಡಲಿಲ್ಲ. ಇದನ್ನು ಬರೆಯುವಾಗ ಈಗಲೂ ನನ್ನ ಕೈ ನಿಲ್ಲುತ್ತದೆ.

1990ರಲ್ಲಿ ಅಮೆರಿಕದ ಸಂಸತ್ತು ಆ ಸೇನೆಯ ನೆರವನ್ನು ಅರ್ಧಕ್ಕೆ ಇಳಿಸಿತು. ಮರುವರ್ಷ ಪಾದ್ರಿಗಳ ಕೊಲೆಯಲ್ಲಿ ಒಬ್ಬ ಕರ್ನಲ್ ಅಪರಾಧಿ ಎಂದು ಎಲ್ ಸಾಲ್ವಡಾರ್‌ನ ಕೋರ್ಟಿನಲ್ಲಿ ತೀರ್ಮಾನವಾಯಿತು. 1992ರ ಜನವರಿಯಲ್ಲಿ ಶಾಂತಿ ಒಪ್ಪಂದವೂ ಆಯಿತು. ಇದಕ್ಕೆಲ್ಲ ನೆರವಿನ ಕಡಿತ ಒಂದೇ ಕಾರಣ ಅನ್ನಲಾರೆ. ವಿಶ್ವಸಂಸ್ಥೆ ಮಧ್ಯಸ್ಥಿಕೆ ವಹಿಸಿತ್ತು, ಎರಡೂ ಕಡೆ ದಣಿದಿದ್ದವು. ಕರ್ನಲ್ 1993ರಲ್ಲಿ ಕ್ಷಮಾದಾನದ ಮೇಲೆ ಹೊರಬಂದ, ಆ ನೋವು ಬೇರೆ. ಆದರೂ ಬರೀ ಪತ್ರಕ್ಕೆ ಬಗ್ಗದವರು ಗಂಟು ಕರಗಿದಾಗ ಬಗ್ಗಿದರು.

ನಿಮ್ಮ ಒಂದು ಮಾತನ್ನು ಪೂರ್ತಿ ಒಪ್ಪುತ್ತೇನೆ: ಬೇಕಾದವರಿಗೆ ಒಂದು ನ್ಯಾಯ, ಬೇಡದವರಿಗೆ ಇನ್ನೊಂದು. ಈಜಿಪ್ಟಿಗೆ ಅಮೆರಿಕ ವರ್ಷಕ್ಕೆ 130 ಕೋಟಿ ಡಾಲರ್ ಸೇನಾ ನೆರವು ಕೊಡುತ್ತದೆ. ಅದರಲ್ಲಿ 32 ಕೋಟಿಗೆ ಷರತ್ತಿತ್ತು. ಜೈಲುಗಳಲ್ಲಿ ರಾಜಕೀಯ ಕೈದಿಗಳು ತುಂಬಿದ್ದರೂ 2024ರಲ್ಲಿ ಅಷ್ಟೂ ಹಣ ಬಿಡುಗಡೆ ಮಾಡಿದರು. ಹೆಚ್ಚಿನ ಪಾಲಿಗೆ 'ದೇಶದ ಭದ್ರತೆಯ ಹಿತ' ಎಂಬ ವಿನಾಯಿತಿ ಸಾಕಾಯಿತು. ಆ ವಿನಾಯಿತಿಯ ಸಾಲನ್ನು ಕಾನೂನಿನಿಂದಲೇ ಕಿತ್ತುಹಾಕಬೇಕು ಅಂತ ಮುಂದೆಯೂ ಬರೆಯುತ್ತೇನೆ. ನಿಮ್ಮ ಜವಾಬು ಬಂದರೆ ಅದನ್ನೂ ಅಚ್ಚು ಹಾಕೋಣ.

— ಸಂಪಾದಕ, ಶಿವಮೊಗ್ಗ