ಓದುಗರ ಪ್ರಶ್ನೆ, ನಮ್ಮ ಉತ್ತರ: ಬೆಟ್ಟದ ಮೇಲಿನ ರೋಟರಿ ಇಂಜಿನ್

ಪ್ರಶ್ನೆ: ಮಾನ್ಯರೇ, ಗೋಣಿಕೊಪ್ಪದಲ್ಲಿ ಬಹಳ ವರ್ಷಗಳಿಂದ ಗ್ಯಾರೇಜ್ ನಡೆಸುತ್ತಿದ್ದೇನೆ, ತೋಟದ ಜೀಪುಗಳ ಡೀಸೆಲ್ ಇಂಜಿನ್ ಕಟ್ಟುವುದೇ ನನ್ನ ಮುಖ್ಯ ಕೆಲಸ. ನನ್ನ ತಮ್ಮ ಸೌದಿ ಅರೇಬಿಯಾದ ತಾಯಿಫ್‌ನಲ್ಲಿ ಉದ್ಯೋಗದಲ್ಲಿದ್ದಾನೆ. ಅಲ್ಲಿ ಅವನು 1993ರ ಮಜ್ದಾ ಆರ್‌ಎಕ್ಸ್-7 ಕಾರೊಂದನ್ನು ಕೊಂಡು, ಅದರ ಟರ್ಬೋ ರೋಟರಿ ಇಂಜಿನ್ನನ್ನು (ಪಿಸ್ಟನ್ ಬದಲು ತ್ರಿಕೋನಾಕಾರದ ರೋಟರ್ ತಿರುಗುವ ಇಂಜಿನ್) ಅಲ್ಲಿಯ ಒಂದು ಗ್ಯಾರೇಜಿನಲ್ಲಿ ಬಿಚ್ಚಿಸಿ ಕಟ್ಟಿಸಿದ. ತಾಯಿಫ್‌ನಲ್ಲಿ ಹತ್ತು ತಿಂಗಳು ಚೆನ್ನಾಗಿಯೇ ಓಡಿದ ಕಾರು, ಘಾಟಿ ಇಳಿದು ಜಿದ್ದಾ ಕಡೆಗೆ ಹೋಗುವಾಗ ಬಯಲಿನಲ್ಲಿ ಅಪೆಕ್ಸ್ ಸೀಲ್ (ರೋಟರಿನ ಮೂಲೆಯ ತೆಳು ಪಟ್ಟಿ) ಮುರಿದುಕೊಂಡು ನಿಂತಿತು. ಈಗ ಇನ್ನೂ ಗಟ್ಟಿಯಾದ ಸೀಲ್ ಹಾಕಿಸಿ, ಎತ್ತರದಲ್ಲಿ ಕಳೆದುಹೋಗುವ ಶಕ್ತಿಯನ್ನು ಬೂಸ್ಟ್ (ಟರ್ಬೋ ಗಾಳಿ ತುರುಕುವ ಒತ್ತಡ) ಏರಿಸಿ ತುಂಬಿಕೊಳ್ಳಬೇಕೆಂದು ಅವನು ಹೇಳುತ್ತಿದ್ದಾನೆ. ನಾನು ಅವನಿಗೆ ಏನು ಸಲಹೆ ಕೊಡಲಿ?

ಉತ್ತರ: ಹೊಸ ಸೀಲ್ ಆರಿಸುವ ಮೊದಲು ಹಳೆಯದು ಎಲ್ಲಿ ಮುರಿಯಿತು ಎಂಬುದನ್ನು ಗಮನಿಸಬೇಕು. ಅದು ಬೆಟ್ಟದ ಮೇಲೆ ಮುರಿಯಲಿಲ್ಲ, ಇಳಿದ ಮೇಲೆ ಮುರಿಯಿತು. ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡದ್ದು ಇದೇ ಮಾತು.

ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಶೇ. 13ರಷ್ಟು ಕಡಿಮೆ, 1,880 ಮೀಟರ್ ಎತ್ತರದ ತಾಯಿಫ್‌ನಲ್ಲಿ ಶೇ. 20ರಷ್ಟು ಕಡಿಮೆ. ಆದರೆ ಟರ್ಬೋದ ವೇಸ್ಟ್‌ಗೇಟ್ (ಟರ್ಬೋ ಒತ್ತಡಕ್ಕೆ ಮಿತಿ ಹಾಕುವ ಕವಾಟ) ಸುತ್ತಲಿನ ಗಾಳಿಗಿಂತ ಎಷ್ಟು ಹೆಚ್ಚು ಒತ್ತಡ ಬಂದಿದೆ ಎಂಬುದನ್ನಷ್ಟೇ ಬಲ್ಲದು. ಗೇಜ್ 0.7 ಬಾರ್ ತೋರಿಸುವಾಗ ತಾಯಿಫ್‌ನಲ್ಲಿ ಇಂಜಿನ್ನಿಗೆ ಸಿಗುವ ಒಟ್ಟು ಒತ್ತಡ 1.5 ಬಾರ್, ಅದೇ 0.7 ಜಿದ್ದಾದ ಕಡಲತೀರದಲ್ಲಿ 1.7 ಬಾರ್ ಆಗುತ್ತದೆ. ಮುಳ್ಳು ಒಂದೇ ಕಡೆ ನಿಂತಿದ್ದರೂ ಒಳಗೆ ಹೋಗುವ ಗಾಳಿ ಶೇ. 14ರಷ್ಟು ಹೆಚ್ಚಿರುತ್ತದೆ. ಬೆಟ್ಟದ ಮೇಲೆ ಮಾತ್ರ ಟ್ಯೂನ್ ಮಾಡಿದ ಇಂಜಿನ್ನಿಗೆ ಆ 1.7 ಬಾರ್‌ನಲ್ಲಿ ಎಷ್ಟು ಪೆಟ್ರೋಲ್ ಬೇಕು, ಕಿಡಿಯನ್ನು ಎಷ್ಟು ತಡವಾಗಿ ಕೊಡಬೇಕು ಎಂಬುದನ್ನು ಯಾರೂ ಪರೀಕ್ಷಿಸಿರುವುದಿಲ್ಲ. ಜೊತೆಗೆ ಬಯಲಿನ ಬಿಸಿಲು. ಬಹುಮಟ್ಟಿಗೆ ನಾಕಿಂಗ್ (ಪೆಟ್ರೋಲ್ ಮಿಶ್ರಣ ಹಿಡಿತ ತಪ್ಪಿ ಸಿಡಿಯುವುದು) ಆಗಿಯೇ ಸೀಲ್ ಮುರಿದಿದೆ ಎಂದು ನನ್ನ ಅಂದಾಜು. ಪಿಸ್ಟನ್ ಇಂಜಿನ್ ಟಕಟಕ ಎಂದು ಎಚ್ಚರಿಸುತ್ತದೆ. ರೋಟರಿಯಲ್ಲಿ ಆ ಸದ್ದು ಕಿವಿಗೆ ಬೀಳುವುದರೊಳಗೆ, ಎರಡೇ ಮಿಲಿಮೀಟರ್ ದಪ್ಪದ ಸೀಲ್ ತುಂಡಾಗಿರುತ್ತದೆ. ಆದ್ದರಿಂದ ಒಟ್ಟು ಒತ್ತಡವನ್ನು ಅಳೆಯುವ ಸೆನ್ಸರ್ ಆಧಾರದಲ್ಲಿ, ಮೇಲೆ ಒಮ್ಮೆ, ಕೆಳಗೆ ಒಮ್ಮೆ ಟ್ಯೂನ್ ಮಾಡಿಸುವಂತೆ ತಮ್ಮನಿಗೆ ಹೇಳಿ. 95 ಆಕ್ಟೇನ್‌ಗಿಂತ ಕಡಿಮೆ ಪೆಟ್ರೋಲ್ ಹಾಕಿಸುವುದು ಬೇಡ.

ಬೂಸ್ಟ್ ಏರಿಸುವ ಯೋಚನೆಯನ್ನು ದಯವಿಟ್ಟು ಬಿಡಿಸಿ. ಹೊರಗೆ 35 ಡಿಗ್ರಿ ಬಿಸಿ, ಕಂಪ್ರೆಸರಿನ ದಕ್ಷತೆ ಶೇ. 70 ಎಂದಿಟ್ಟುಕೊಂಡರೆ, ಕಡಲತೀರದಲ್ಲಿ 0.7 ಬಾರ್ ಬೂಸ್ಟ್ ಕೊಡುವಾಗ ಟರ್ಬೋದಿಂದ ಹೊರಬರುವ ಗಾಳಿ ಸುಮಾರು 105 ಡಿಗ್ರಿ ಇರುತ್ತದೆ. ಅಷ್ಟೇ ಒಟ್ಟು ಒತ್ತಡವನ್ನು ತಾಯಿಫ್‌ನ ತೆಳುಗಾಳಿಯಿಂದ ಹಿಂಡಿ ತೆಗೆಯಬೇಕೆಂದರೆ ಅದು 140 ಡಿಗ್ರಿ ದಾಟುತ್ತದೆ. ಆ ಕಾರಿನ ಚಿಕ್ಕ ಇಂಟರ್‌ಕೂಲರ್ (ಟರ್ಬೋ ಗಾಳಿಯನ್ನು ತಣಿಸುವ ಸಾಧನ) ಇಷ್ಟು ಶಾಖವನ್ನು ಇಳಿಸಲಾರದು. ಎತ್ತರದಲ್ಲಿ ಸ್ವಲ್ಪ ಶಕ್ತಿ ಕಡಿಮೆಯಾಗುವುದನ್ನು ಒಪ್ಪಿಕೊಂಡು, ಇಂಟರ್‌ಕೂಲರ್ ದೊಡ್ಡದು ಮಾಡಿಸುವುದೇ ಸರಿಯಾದ ಖರ್ಚು.

ಇನ್ನು ಕಟ್ಟುವ ಕೆಲಸ. ನಮ್ಮ ಜೀಪಿನ ಇಂಜಿನ್ನಿನಲ್ಲಿ ಸವೆದ ಸಿಲಿಂಡರ್ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿದಂತೆ ಇಲ್ಲಿ ಮಾಡಲು ಬರುವುದಿಲ್ಲ. ರೋಟರ್ ತಿರುಗುವ ಕವಚವಾದ ರೋಟರ್ ಹೌಸಿಂಗ್‌ನ ಒಳಮೈಯ ಕ್ರೋಮ್ ಪದರ, ವಿಶೇಷವಾಗಿ ಸ್ಪಾರ್ಕ್ ಪ್ಲಗ್ ರಂಧ್ರಗಳ ಸುತ್ತ, ಎದ್ದಿದ್ದರೆ ಹೌಸಿಂಗ್ ಬದಲಿಸಲೇಬೇಕು. ಅದರ ಮೇಲೆ ಗಟ್ಟಿ ಸೀಲ್ ಓಡಿಸಿದರೆ ಉಳಿದ ಮೈಯೂ ಕೆರೆದುಹೋಗುತ್ತದೆ. ಮುರಿದ ಸೀಲಿನ ಚೂರುಗಳು ಎಕ್ಸಾಸ್ಟ್ ಮೂಲಕವೇ ಹೊರಗೆ ಹೋಗಿರುವುದರಿಂದ ಎರಡೂ ಟರ್ಬೋಗಳ ಟರ್ಬೈನ್ ಎಲೆಗಳನ್ನು ಬೆಳಕು ಹಿಡಿದು ನೋಡಬೇಕು. ಜೋಡಿಸುವಾಗ ಎಸೆಂಟ್ರಿಕ್ ಶಾಫ್ಟಿನ (ರೋಟರುಗಳು ತಿರುಗಿಸುವ ಮುಖ್ಯ ದಂಡ) ಎಂಡ್ ಪ್ಲೇ, ಅಂದರೆ ಹಿಂದೆಮುಂದೆ ಸರಿಯುವ ಸಡಿಲ, 0.04ರಿಂದ 0.07 ಮಿಲಿಮೀಟರ್ ಒಳಗಿರಲಿ.

ರೋಟರಿಯ ದೊಡ್ಡ ಕಷ್ಟ ಶಾಖ ಹಂಚಿಕೆಯದು. ಪಿಸ್ಟನ್ ಇಂಜಿನ್ನಿನಲ್ಲಿ ತಣ್ಣನೆಯ ಗಾಳಿ ಬರುವುದೂ ಬೆಂಕಿ ಹತ್ತುವುದೂ ಒಂದೇ ಜಾಗದಲ್ಲಿ. ರೋಟರಿಯಲ್ಲಿ ಹಾಗಲ್ಲ: ಹೌಸಿಂಗ್‌ನ ಒಂದು ಮಗ್ಗುಲು ಸದಾ ತಂಪು, ಪ್ಲಗ್ ಇರುವ ಮಗ್ಗುಲು ಸದಾ ಕೆಂಡ. ಎರಡೂ ಕಡೆ ಲೋಹ ಬೇರೆಬೇರೆ ಹಿಗ್ಗುವುದರಿಂದ ಪ್ಲೇಟುಗಳ ನಡುವಿನ ನೀರಿನ ಸೀಲುಗಳು ಸೋಲುತ್ತವೆ, ಒಮ್ಮೆ ಅತಿಯಾಗಿ ಬಿಸಿಯಾದರೆ ಅವುಗಳ ಆಯಸ್ಸು ಮುಗಿದಂತೆ. ತಾಯಿಫ್‌ನಲ್ಲಿ ಬರಿಯ ನೀರು 94 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಹೀಗಾಗಿ ಒತ್ತಡ ಹಿಡಿದಿಡುವ ರೇಡಿಯೇಟರ್ ಮುಚ್ಚಳ ಅಲ್ಲಿ ಸಣ್ಣ ಸಾಮಾನಲ್ಲ, ಹೊಸದನ್ನೇ ಹಾಕಿಸಿ. ಬಂಪರಿಗೂ ರೇಡಿಯೇಟರಿಗೂ ನಡುವಿನ ಸಂದುಗಳನ್ನು ತಗಡು, ಫೋಮ್ ಹಾಕಿ ಮುಚ್ಚಿದರೆ ಬರುವ ಗಾಳಿಯೆಲ್ಲ ರೇಡಿಯೇಟರಿನೊಳಗೇ ಹಾಯುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಪ್ರಯೋಜನ ಕೊಡುವ ಕೆಲಸ ಬೇರೊಂದಿಲ್ಲ. ರೋಟರ್‌ಗಳನ್ನು ಒಳಗಿನಿಂದ ತಂಪಾಗಿಸುವುದು ಇಂಜಿನ್ ಆಯಿಲ್. ಒಂದೇ ಆಯಿಲ್ ಕೂಲರ್ ಇದ್ದರೆ ಎರಡು ಹಾಕಿಸಿ, ಆಯಿಲ್ ಬಿಸಿ ತೋರಿಸುವ ಗೇಜ್ ಕಡ್ಡಾಯವಾಗಿ ಕೂರಿಸಿ.

ಸೀಲುಗಳಿಗೆ ಜಿಡ್ಡು ಒದಗಿಸುವ ಮೀಟರಿಂಗ್ ಪಂಪನ್ನು ಕೆಲವರು ಕಿತ್ತುಹಾಕುತ್ತಾರೆ. ದಿನಬಳಕೆಯ ಕಾರಿನಲ್ಲಿ ಅದು ಇರಲಿ. ಅದರ ಜೊತೆಗೆ, ತೋಟದಲ್ಲಿ ಕಳೆ ಹೊಡೆಯುವ ಮೆಷಿನ್ನಿಗೆ ಬೆರೆಸುವಂತೆಯೇ, ಆದರೆ ಬಹಳ ಕಡಿಮೆ ಪ್ರಮಾಣದಲ್ಲಿ, ಲೀಟರ್ ಪೆಟ್ರೋಲಿಗೆ 5 ಮಿಲಿಲೀಟರಿನಷ್ಟು ಟೂ-ಸ್ಟ್ರೋಕ್ ಆಯಿಲ್ ಬೆರೆಸಿದರೆ ಒಳ್ಳೆಯದು. ಟರ್ಬೋಗಳನ್ನು ನಿಯಂತ್ರಿಸುವ ವ್ಯಾಕ್ಯೂಮ್ ಹೋಸುಗಳು ಮೂವತ್ತು ವರ್ಷದ ಶಾಖಕ್ಕೆ ಕಡ್ಡಿಯಂತಾಗಿರುತ್ತವೆ. ಇಂಜಿನ್ ಹೊರಗಿರುವಾಗಲೇ ಅಷ್ಟನ್ನೂ ಸಿಲಿಕೋನ್ ಹೋಸುಗಳಿಗೆ ಬದಲಿಸಲಿ.

ಕಟ್ಟಿ ಮುಗಿಸಿದ ಮೇಲೆ ಕಂಪ್ರೆಷನ್ ನೋಡುವಾಗ ನಿಮ್ಮ ತಮ್ಮ ಗಾಬರಿಯಾಗಬಾರದು. ಕಂಪನಿ ಹೇಳುವ ಕನಿಷ್ಠ ಅಳತೆ, ನಿಮಿಷಕ್ಕೆ 250 ಸುತ್ತಿನ ವೇಗದಲ್ಲಿ, ಚದರ ಸೆಂಟಿಮೀಟರಿಗೆ 6 ಕಿಲೋ. ಮಂಗಳೂರಿನಂಥ ಊರಿನಲ್ಲಿ 7 ತೋರಿಸುವ ಆರೋಗ್ಯವಂತ ಇಂಜಿನ್ನೇ ತಾಯಿಫ್‌ನಲ್ಲಿ 5.5ರ ಹತ್ತಿರ ತೋರಿಸುತ್ತದೆ, ಅದು ಇಂಜಿನ್ನಿನ ದೋಷವಲ್ಲ. ಸಾಮಾನ್ಯ ಗೇಜ್ ಒಂದು ರೋಟರಿನ ಮೂರು ಮುಖಗಳಲ್ಲಿ ಹೆಚ್ಚಿನದನ್ನು ಮಾತ್ರ ಹಿಡಿದಿಡುವುದರಿಂದ, ರೋಟರಿಗೆಂದೇ ಮಾಡಿದ ಟೆಸ್ಟರ್ ಬಳಸಿ ಮೂರನ್ನೂ ಬೇರೆಬೇರೆ ಬರೆದುಕೊಳ್ಳಲಿ. ಅವುಗಳ ನಡುವಿನ ವ್ಯತ್ಯಾಸ 1.5 ಕಿಲೋ ಮೀರಿದ್ದರೆ ಇಂಜಿನ್ನನ್ನು ಮತ್ತೆ ಬಿಚ್ಚಬೇಕಾಗುತ್ತದೆ.