ಅಮೆರಿಕದಲ್ಲಿರುವ ನಮ್ಮ ಸಂಸ್ಥೆಯಲ್ಲಿ ಜನಾಂಗೀಯ ಸಮಾನತೆ ಎಷ್ಟಿದೆ ಅಂತ ನಾವೇ ತಿಳಿಯೋದು ಹೇಗೆ? ತಾರತಮ್ಯದ ಬಗ್ಗೆ ಸಿಬ್ಬಂದಿಗೆ ಒಂದು ದಿನದ ತರಬೇತಿ ಕೊಟ್ಟರೆ ಸಾಕಾ?

ಸಾಲದು. ಅಲ್ಲಿನ ಸಂಸ್ಥೆಗಳಿಗೆ ಈ ವಿಷಯದಲ್ಲಿ ಸಲಹೆ ಕೊಡುವುದೇ ನನ್ನ ಕೆಲಸ. ಬಂದವರೆಲ್ಲ ಮೊದಲು ಕೇಳುವುದು ತರಬೇತಿಯನ್ನೇ. ಯಾಕೆಂದರೆ ಒಂದು ಮಧ್ಯಾಹ್ನ ಕೂತು ಎದ್ದರೆ ಮುಗಿಯಿತು, ಯಾರ ಅಧಿಕಾರಕ್ಕೂ ಧಕ್ಕೆಯಿಲ್ಲ. ಸಮಾಜಶಾಸ್ತ್ರಜ್ಞರಾದ ಫ್ರಾಂಕ್ ಡಾಬಿನ್ ಮತ್ತು ಅಲೆಕ್ಸಾಂಡ್ರಾ ಕಲೇವ್ ನೂರಾರು ಕಂಪನಿಗಳ ದಶಕಗಳ ಲೆಕ್ಕ ತೆಗೆದು ನೋಡಿದಾಗ, ಕಡ್ಡಾಯ ತರಬೇತಿಯಿಂದ ಮ್ಯಾನೇಜರುಗಳ ಸಾಲಿನಲ್ಲಿ ಕಪ್ಪು ಜನರ ಪಾಲು ಹೆಚ್ಚಿದ್ದು ಕಾಣಲಿಲ್ಲ.

ಹಾಗಾಗಿ ಜನರ ಮನಸ್ಸನ್ನು ಬಿಟ್ಟು, ತೀರ್ಮಾನ ಆಗುವ ಜಾಗಗಳನ್ನು ನೋಡಿ: ಅರ್ಜಿ, ಸಂದರ್ಶನ, ನೇಮಕ, ಬಡ್ತಿ, ಸಂಬಳ, ಕೆಲಸ ಬಿಡುವುದು. ಒಂದೊಂದು ಹಂತದಲ್ಲೂ ಯಾವ ಗುಂಪಿನ ಎಷ್ಟು ಜನ ಬಂದರು, ಎಷ್ಟು ಜನ ದಾಟಿದರು ಎಂದು ಬರೆದುಕೊಳ್ಳಿ. 1978ರ ಫೆಡರಲ್ ಮಾರ್ಗಸೂಚಿಯಲ್ಲಿ ಐದರಲ್ಲಿ ನಾಲ್ಕು ಪಾಲಿನ ಅಳತೆಯೊಂದಿದೆ. ಬಿಳಿಯ ಅರ್ಜಿದಾರರು 100 ಮಂದಿಯಲ್ಲಿ 40 ಜನ ಸಂದರ್ಶನಕ್ಕೆ ಹೋದರು, ಕಪ್ಪು ಅರ್ಜಿದಾರರು 50ರಲ್ಲಿ 12 ಜನ ಮಾತ್ರ ಅನ್ನಿ. ಶೇ. 40ರ ಎದುರು ಶೇ. 24, ಅಂದರೆ ಬಿಳಿಯರ ಪ್ರಮಾಣದ ಶೇ. 60 ಪಾಲು. ಈ ಪಾಲು ಐದರಲ್ಲಿ ನಾಲ್ಕಕ್ಕಿಂತ, ಅಂದರೆ ಶೇ. 80ಕ್ಕಿಂತ ಕೆಳಗಿಳಿದರೆ ಆ ಹಂತವನ್ನು ಬಿಚ್ಚಿ ನೋಡಬೇಕು. ಸಣ್ಣ ಸಂಸ್ಥೆಯಾದರೆ ಒಬ್ಬಿಬ್ಬರಿಂದಲೇ ಈ ಲೆಕ್ಕ ಏರುಪೇರಾಗುತ್ತದೆ, ಕೆಲವು ವರ್ಷಗಳದ್ದನ್ನು ಒಟ್ಟು ಸೇರಿಸಿ.

ಬಿಚ್ಚಿದಾಗ ಸಾಮಾನ್ಯವಾಗಿ ಸಿಗುವುದು ದ್ವೇಷವಲ್ಲ, ಯಾರೂ ಪ್ರಶ್ನಿಸದ ಒಂದು ಅರ್ಹತೆ. ಡ್ಯೂಕ್ ಪವರ್ ಕಂಪನಿಯದ್ದು ಇದಕ್ಕೆ ಹೆಸರಾದ ಪ್ರಕರಣ. ಉತ್ತರ ಕೆರೊಲಿನಾದ ಅದರ ವಿದ್ಯುತ್ ಸ್ಥಾವರದಲ್ಲಿ ಒಳ್ಳೆಯ ಕೆಲಸಗಳಿಗೆ ಹೈಸ್ಕೂಲ್ ಪ್ರಮಾಣಪತ್ರ ಬೇಕಿತ್ತು. ಅದರ ಮೇಲೆ ಎರಡು ಪರೀಕ್ಷೆಗಳು ಜಾರಿಯಾದದ್ದು 1965ರ ಜುಲೈ 2ರಂದು; ಉದ್ಯೋಗದಲ್ಲಿ ತಾರತಮ್ಯ ನಿಷೇಧಿಸುವ ಕಾನೂನು ಜಾರಿಗೆ ಬಂದ ದಿನವೂ ಅದೇ! ಈ ಷರತ್ತುಗಳು ಹೆಚ್ಚಾಗಿ ಹೊರಗಿಟ್ಟದ್ದು ಕಪ್ಪು ಜನರನ್ನು; ಕೆಲಸಕ್ಕೂ ಇವಕ್ಕೂ ಸಂಬಂಧವಿದೆ ಎಂದು ತೋರಿಸಲಾಗದೆ 1971ರಲ್ಲಿ ಕಂಪನಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ನಿಮ್ಮ ಜಾಹೀರಾತಿನಲ್ಲಿರುವ 'ಪದವಿ ಕಡ್ಡಾಯ' ಎಂಬ ಸಾಲಿಗೂ ಅದೇ ಪ್ರಶ್ನೆ ಕೇಳಿ.

ಅರ್ಜಿ ಆರಿಸುವಾಗ ಹೆಸರು ಮುಚ್ಚಿಡಿ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬಾಸ್ಟನ್ ಮತ್ತು ಷಿಕಾಗೋದ ಉದ್ಯೋಗದಾತರಿಗೆ ಸಮಾನ ಅರ್ಹತೆಯ ಕಲ್ಪಿತ ಅರ್ಜಿಗಳನ್ನು ಕಳಿಸಿದ್ದರು. ಎಮಿಲಿ, ಗ್ರೆಗ್ ಎಂಬಂಥ, ಬಿಳಿಯರದ್ದೆನಿಸುವ ಹೆಸರುಗಳಿಗೆ ಲಕೀಷಾ, ಜಮಾಲ್ ಎಂಬಂಥ, ಕಪ್ಪು ಜನರದ್ದೆನಿಸುವ ಹೆಸರುಗಳಿಗಿಂತ ಸುಮಾರು ಶೇ. 50ರಷ್ಟು ಹೆಚ್ಚು ಕರೆ ಬಂತು.

ಸಿಬ್ಬಂದಿಯ ಅಭಿಪ್ರಾಯವನ್ನೂ ಕೇಳಿ. ಆದರೆ ಒಂದು ವಿಭಾಗದಲ್ಲಿ ಇಬ್ಬರೇ ಕಪ್ಪು ನೌಕರರಿದ್ದರೆ 'ಅನಾಮಧೇಯ' ಸಮೀಕ್ಷೆ ಅನಾಮಧೇಯವಾಗಿ ಉಳಿಯುವುದಿಲ್ಲ. ಅಂಥಲ್ಲಿ ಹೊರಗಿನವರು ಮಾತಾಡಿಸುವುದು ಮೇಲು.

ಇನ್ನು, ಅಂಕಿ ಸರಿಹೋಗಲಿ ಎಂದು ಜನಾಂಗ ನೋಡಿ ಆರಿಸಲು ಹೋಗಬೇಡಿ. ಡ್ಯೂಕ್ ಪವರ್ ಪ್ರಕರಣದ ಆ ತಾರತಮ್ಯ ನಿಷೇಧ ಕಾನೂನೇ ಅದನ್ನೂ ನಿಷೇಧಿಸುತ್ತದೆ. ತಿದ್ದಬೇಕಾದ್ದು ಷರತ್ತನ್ನು, ವಿಧಾನವನ್ನು. ಆ ತಿದ್ದುಪಡಿಯ ಹೊಣೆ ತೀರ್ಮಾನ ಮಾಡುವ ಅಧಿಕಾರ ಇರುವವರದ್ದಾಗಿರಲಿ. ಉತ್ಸಾಹಿ ಕಿರಿಯರ ಸಮಿತಿಯೊಂದರ ತಲೆಗೆ ಕಟ್ಟಿದರೆ ವರದಿ ಬರುತ್ತದೆ, ಅಷ್ಟೆ. ಲೆಕ್ಕ ಶುರುಮಾಡುವ ಮುಂಚೆ ಉದ್ಯೋಗ ಕಾನೂನು ಬಲ್ಲ ವಕೀಲರನ್ನು ಒಮ್ಮೆ ಕಾಣಿ. ಕಂಡ ತೊಂದರೆಯನ್ನು ಬರೆದಿಟ್ಟು ಸುಮ್ಮನಿದ್ದ ಸಂಸ್ಥೆಗೆ ಅದೇ ಕಾಗದ ಮುಂದೆ ನ್ಯಾಯಾಲಯದಲ್ಲಿ ಎದುರಾಗಬಹುದು.