ಫಿಲ್ಮ್ ಬಫ್‌ಗೂ ಬಫಿಂಗ್‌ಗೂ ಏನು ನಂಟು?

ಪ್ರಶ್ನೆ: ಸಿನಿಮಾ ಹುಚ್ಚಿನವರನ್ನು ‘ಫಿಲ್ಮ್ ಬಫ್’ ಎನ್ನುತ್ತಾರೆ. ಹಿತ್ತಾಳೆಗೆ ಹೊಳಪು ಕೊಡುವುದೂ ಬಫಿಂಗ್. ಎರಡೂ ಒಂದೇ ಪದವೇ?

ಉತ್ತರ: ಹೌದು, ಮೂಲ ಕೋಣ! ಫ್ರೆಂಚಿನಲ್ಲಿ ‘ಬಫ್ಲ್’ ಎಂದರೆ ಎಮ್ಮೆ-ಕೋಣ. ಎಣ್ಣೆ ಹಾಕಿ ಹದಮಾಡಿದ ಅದರ ದಪ್ಪ ತೊಗಲು ಇಂಗ್ಲಿಷಿನಲ್ಲಿ ‘ಬಫ್’ ಆಯಿತು. ಮುಂದೆ ಎತ್ತಿನ ತೊಗಲಿಗೂ, ಅದರ ಮಾಸಲು ಹಳದಿ ಬಣ್ಣಕ್ಕೂ ಅದೇ ಹೆಸರು. ಅಂಥ ತೊಗಲಿನಿಂದ ಲೋಹ ಉಜ್ಜುತ್ತಿದ್ದುದರಿಂದ ಬಫಿಂಗ್. ಈಗ ಬಟ್ಟೆಯ ಚಕ್ರ ಬಂದರೂ ಹೆಸರು ಉಳಿದಿದೆ.

ಹವ್ಯಾಸಿಗೆ ಈ ಹೆಸರು ಅಂಟಿದ್ದು ನ್ಯೂಯಾರ್ಕಿನಲ್ಲಿ. ಅಲ್ಲಿನ ಸ್ವಯಂಸೇವಕ ಅಗ್ನಿಶಾಮಕರು ಬಫ್ ಬಣ್ಣದ ಕೋಟು ತೊಡುತ್ತಿದ್ದರಂತೆ. ಬೆಂಕಿ ಬಿದ್ದಲ್ಲೆಲ್ಲ ನೋಡಲು ಓಡುವವರನ್ನು 1900ರ ಆಸುಪಾಸಿನಲ್ಲಿ ‘ಬಫ್’ ಎಂದರು. ಬೆಂಕಿ ಬಿಟ್ಟುಹೋಗಿ ಹುಚ್ಚು ಮಾತ್ರ ಉಳಿಯಿತು.

ಬಳಸುವಾಗ ವಿಷಯ ಮೊದಲು ಬರಬೇಕು: ಹಿಸ್ಟರಿ ಬಫ್, ಜಾಝ್ ಬಫ್. ಕಟೌಟಿಗೆ ಹಾಲೆರೆಯುವವನು ಫ್ಯಾನ್. ಆ ಚಿತ್ರದ ಛಾಯಾಗ್ರಾಹಕ ಯಾರು, ಸಂಕಲನಕಾರ ಯಾರು ಎಂದು ಬಾಯಲ್ಲೇ ಹೇಳುವವನು ಬಫ್. ಜಿಮ್ಮಿನಲ್ಲಿ ‘ಬಫ್’ ಎಂದರೆ ಕಟ್ಟುಮಸ್ತಾದ ಮೈ. ‘ಇನ್ ದ ಬಫ್’ ಎಂದರೆ ಮಾತ್ರ ಬರಿಮೈ, ಅರ್ಜಿಯಲ್ಲಿ ಹವ್ಯಾಸ ಬರೆಯುವಾಗ ಎಚ್ಚರ!